ತ್ರಿಕೋನದಲ್ಲಿ ಮೀನಿಲ್ಲ

"ಮೀನು ಸತ್ತು ತೇಲ್ತಿಲ್ಲ ಅಂದ್ಮೇಲೆ ನೀರು ಚೆನ್ನಾಗೇ ಇದೆ ಬಿಡಿ" ಅನ್ನುವವರಿಗೆ ನನ್ನದೊಂದು ಪ್ರಶ್ನೆ: ಸರ್ವರ್ ಡೌನ್ ಆಗಿಲ್ಲ ಅಂದ ಮಾತ್ರಕ್ಕೆ ಕೋಡ್‌ನಲ್ಲಿ ಬಗ್ ಇಲ್ಲ ಅಂತ ಒಪ್ತೀರಾ?

ನಮ್ಮೂರಲ್ಲಿ ವಿಷಕ್ಕೆ 'ಔಷಧಿ' ಅಂತಾರೆ. ಗದ್ದೆಗೆ ಔಷಧಿ ಹೊಡೆದು ಕ್ಯಾನನ್ನು ಹಳ್ಳದಲ್ಲೇ ತೊಳೆಯೋದನ್ನು ನೋಡುತ್ತಲೇ ಬೆಳೆದವನು ನಾನು. ಮಲೆನಾಡಿನಲ್ಲಿ ಮುಂಗಾರಿನ ಮೊದಲ ನೀರಿಗೆ ಹತ್ತುಮೀನುಗಳು ಹಳ್ಳದಿಂದ ಗದ್ದೆಗೆ ಏರುತ್ತವೆ, ಮೊಟ್ಟೆ ಇಡೋದಕ್ಕೆ. ಮರಿಗಳು ಬೆಳೆಯೋ ಹೊತ್ತಿಗೆ ನಾಟಿ ಮುಗಿದು ಔಷಧಿ ಶುರು.

ಕ್ಲೋರ್‌ಪೈರಿಫಾಸ್‌ನಂಥ ವಿಷ, ನರಗಳ ಸಂಕೇತವನ್ನು ನಿಲ್ಲಿಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಮೀನು ತಕ್ಷಣ ಸಾಯಲೇಬೇಕೆಂದಿಲ್ಲ. ಅಡ್ಡಾದಿಡ್ಡಿ ಈಜುತ್ತದೆ, ಆಹಾರ ಹಿಡಿಯಲಾರದು, ಶತ್ರುವಿನಿಂದ ತಪ್ಪಿಸಿಕೊಳ್ಳಲಾರದು. ಇನ್ನೊಂದು ಗುಂಪಿನ ಸೈಪರ್‌ಮೆಥ್ರಿನ್ ನಮ್ಮ ದೇಹದಲ್ಲಿ ಬೇಗ ಒಡೆದುಹೋಗುತ್ತದೆ; ಮೀನಿಗೆ ಆ ಶಕ್ತಿ ಕಡಿಮೆ. ಲೀಟರಿಗೆ ಕೆಲವೇ ಮೈಕ್ರೊಗ್ರಾಂ ಇದ್ದರೂ ಹಲವು ಜಾತಿಯ ಮೀನು ಸಾಯುತ್ತವೆ. 10 ಲಕ್ಷ ಲೀಟರ್ ನೀರಿಗೆ 1 ಗ್ರಾಂ ಬೆರೆತರೆ ಲೀಟರಿಗೆ 1 ಮೈಕ್ರೊಗ್ರಾಂ. ತೊಳೆದ ಕ್ಯಾನಿನ ಲೆಕ್ಕ ನೀವೇ ಹಾಕಿ.

ಈಗ ಡಬ್ಬಿ ನೋಡಿ. ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ. 1971ರ ಕೀಟನಾಶಕ ನಿಯಮಗಳ ಪ್ರಕಾರ ಈ ಬಣ್ಣ ನಿರ್ಧಾರವಾಗೋದು ಇಲಿಯಂಥ ಪ್ರಯೋಗಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ಎಷ್ಟು ವಿಷ ಬೇಕು ಅನ್ನೋದರ ಮೇಲೆ. ಮೀನಿನ ಸಾವಿಗೆ ಅಲ್ಲಿ ಬಣ್ಣವೇ ಇಲ್ಲ. ನೋಂದಣಿಗೆ ಮೀನಿನ ಪರೀಕ್ಷೆಯನ್ನೂ ಕೇಳುತ್ತಾರೆ. ಅಂದರೆ ಬಗ್ ಗೊತ್ತಿದೆ. ಅದನ್ನು ಇರುವೆ ಸಾಲಿನಂಥ ಅಕ್ಷರಗಳಲ್ಲಿ ಕರಪತ್ರದೊಳಗೆ ಮಡಚಿಟ್ಟಿದ್ದಾರೆ.

"ರೈತರಿಗೆ ತಿಳಿವಳಿಕೆ ಇಲ್ಲ" ಅನ್ನಬೇಡಿ. ಟರ್ಮ್ಸ್ ಅಂಡ್ ಕಂಡೀಷನ್ಸ್ ಓದದೆ ಕ್ಲಿಕ್ ಮಾಡೋರು ನಾವು. ಊರಲ್ಲಿ ಸಲಹೆ ಕೊಡೋನೂ ಅಂಗಡಿಯವನೇ, ಮಾರೋನೂ ಅವನೇ, ಸಾಲ ಬರೆದುಕೊಳ್ಳೋನೂ ಅವನೇ. ಇನ್ನು ಆರ್ಗ್ಯಾನಿಕ್ ತರಕಾರಿ ತರಿಸಿಕೊಂಡು ನೆಮ್ಮದಿಯಾಗಿರೋ ನಮ್ಮ ಜಾಣತನ? ಅದರಿಂದ ತೊಳೆದುಹೋಗೋದು ನಮ್ಮ ತಟ್ಟೆ ಮಾತ್ರ, ಹಳ್ಳ ಅಲ್ಲ.

ಎಂಡೋಸಲ್ಫಾನ್ ಮೀನಿಗೆ ಮಹಾವಿಷ ಅನ್ನೋದು ಮೊದಲೇ ಗೊತ್ತಿತ್ತು. ಆದರೆ ಸುಪ್ರೀಂ ಕೋರ್ಟ್ ತಡೆ ಬಂದಿದ್ದು 2011ರಲ್ಲಿ, ಕಾಸರಗೋಡು, ದಕ್ಷಿಣ ಕನ್ನಡದ ಮಕ್ಕಳು ನರಳಿದ ಮೇಲೆ. ಮೀನಿನ ಸಾಕ್ಷಿ ನಮಗೆ ಸಾಲಲಿಲ್ಲ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಡಬ್ಬಿಯ ಮುಂಭಾಗದಲ್ಲಿ, ತ್ರಿಕೋನದಷ್ಟೇ ದೊಡ್ಡದಾಗಿ ಒಂದು ಮೀನಿನ ಗುರುತು. ಹಳ್ಳದ ದಂಡೆಯಲ್ಲಿ ಔಷಧಿ ಹೊಡೆಯದ ಒಂದು ಪಟ್ಟಿ ಜಾಗ, ಅದರ ನಷ್ಟ ರೈತನಿಗೆ ಸರ್ಕಾರದಿಂದ. ಇಷ್ಟೂ ಆಗಲ್ಲ ಅನ್ನೋದಾದರೆ, ದಯವಿಟ್ಟು ಅದನ್ನು ಔಷಧಿ ಅನ್ನೋದನ್ನಾದರೂ ಬಿಡೋಣ.