ಸವಳು ಬಿದ್ದ ಹೊಲದ ಸಾಲ ಯಾರ ತಲೆಗೆ?

ಕಾಲುವೆ ಬಂದ ಊರಿಗೆ ಬರ ಬರೋದಿಲ್ಲ, ಸಾಲ ಕೊಟ್ಟವನು ಬಾಗಿಲಿಗೆ ಬರೋದಿಲ್ಲ ಅಂತ ನಮ್ಮ ಹಿರಿಯರು ನಂಬಿದ್ದರು. 1953ರಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟಾಗ ಆ ನಂಬಿಕೆಗೆ ಕಾರಣವೂ ಇತ್ತು. ಎರೆ ಹೊಲದಲ್ಲಿ ಮುಗಿಲು ನೋಡುತ್ತ ಕೂತವನ ಮನೆಗೆ ಎರಡು ಬೆಳೆ ಬಂತು. ಈಗ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಹೋಗಿ ನೋಡಿ. ಭತ್ತದ ಹಸಿರಿನ ನಡುವೆ ಅಲ್ಲಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾದ ಮಡಿಗಳು ಕಾಣುತ್ತವೆ. ಅಲ್ಲಿ ಬೀಜ ಹುಟ್ಟೋದಿಲ್ಲ, ಹುಟ್ಟಿದರೂ ತೆನೆ ಕಟ್ಟೋದಿಲ್ಲ. ಕೇಳಿದರೆ ಒಡೆಯನ ಬಾಯಲ್ಲಿ ಒಂದೇ ಮಾತು: "ಸವಳು ಬಿದ್ದೈತ್ರೀ."

ನೆಲ ಸವಳು ಬಿತ್ತು, ಆದರೆ ಬ್ಯಾಂಕಿನ ಪುಸ್ತಕದಲ್ಲಿ ಸಾಲ ಸವಳು ಬೀಳೋದಿಲ್ಲ. ಅದು ಹುಲುಸಾಗಿ ಬೆಳೆಯುತ್ತಲೇ ಇರುತ್ತದೆ. ಪಹಣಿಯಲ್ಲಿ ನೀರಾವರಿ ಜಮೀನು, ಸಾಲ ಎತ್ತಿದ್ದು ಭತ್ತದ ಲೆಕ್ಕದಲ್ಲಿ, ಮನೆಗೆ ಬಂದದ್ದು ಅರ್ಧ ಚೀಲ ಜೊಳ್ಳು.

ಇದು ಹೇಗಾಯಿತು ಅನ್ನೋದನ್ನು ನಾವು ಸರಿಯಾಗಿ ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಹಣೆಬರಹ ಅಂದುಕೊಂಡು ಸುಮ್ಮನಾಗುತ್ತೇವೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿರುಕು ಮುಚ್ಚಿಕೊಳ್ಳುತ್ತದೆ, ಆಮೇಲೆ ನೀರನ್ನು ಕೆಳಕ್ಕೆ ಬಿಡೋದಿಲ್ಲ. ಅದರ ಮೇಲೆ ವರ್ಷಕ್ಕೆ ಎರಡು ಸಲ ತಿಂಗಳುಗಟ್ಟಲೆ ನೀರು ನಿಲ್ಲಿಸಿದೆವು. ಕಾಲುವೆಯಿಂದ ಜಿನುಗಿದ್ದೂ ಸೇರಿತು. ನೆಲದೊಳಗಿನ ನೀರು ವರ್ಷ ವರ್ಷ ಮೇಲಕ್ಕೆ ಬಂತು. ಐದಾರು ಅಡಿಗೆ ಬಂತೋ, ಮಣ್ಣು ಅದನ್ನು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೆಯುತ್ತದೆ. ಬಿಸಿಲಿಗೆ ನೀರು ಆರುತ್ತದೆ, ನೀರಿನಲ್ಲಿದ್ದ ಉಪ್ಪು ಮೇಲೆ ಉಳಿಯುತ್ತದೆ. ಇದಕ್ಕೆ ಇರುವ ಮದ್ದು ಒಂದೇ, ಹೊಲಕ್ಕೆ ನೀರು ಬರುವ ದಾರಿ ಇದ್ದ ಹಾಗೆ ಹೊರಗೆ ಹೋಗುವ ದಾರಿಯೂ ಇರಬೇಕು. ಬಸಿಗಾಲುವೆ ಬೇಕು. ಕೆಲವರು ಜಿಪ್ಸಂ ಚೀಲ ಹೊತ್ತು ತಂದು ಸುರಿಯುತ್ತಾರೆ. ಕರ್ಲು ಭೂಮಿಗಾದರೆ ಅದು ಸರಿ. ಬರೀ ಬಿಳಿ ಉಪ್ಪಿನ ಸವಳಿಗೆ ಉಪ್ಪನ್ನು ತೊಳೆದು ಹೊರಹಾಕದೆ ಬೇರೆ ಉಪಾಯವಿಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಅಂಗಡಿಯವನ ಮಾತು ಕೇಳಿದರೆ ಸಾಲದ ಮೇಲೆ ಇನ್ನೊಂದು ಸಾಲ, ಅಷ್ಟೆ.

ಯೋಜನೆ ಮಾಡಿದವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಅಚ್ಚುಕಟ್ಟಿನ ಬಹುಪಾಲು ಅರೆನೀರಾವರಿ ಬೆಳೆಗೆ, ಅಂದರೆ ಜೋಳ, ಶೇಂಗಾ, ಹತ್ತಿಯಂಥವಕ್ಕೆ ಎಂದು ಬರೆದಿಟ್ಟರು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅನ್ನೋದೂ ಕಾಗದದ ಮೇಲೆ ನಿಗದಿಯಾಯಿತು. ಆದರೆ ಕಾಗದಕ್ಕೂ ಸಂತೆಗೂ ಸಂಬಂಧ ಬೇಡವೇ? ಭತ್ತಕ್ಕೆ ಗಿರಣಿ ಇದೆ, ಕೊಳ್ಳುವವನಿದ್ದಾನೆ. 2025-26ಕ್ಕೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,699 ರೂಪಾಯಿ ಬೆಂಬಲ ಬೆಲೆ ಸಾರಿತು. ಓದಿದರೆ ಜೋಳವೇ ಮೇಲು ಅನ್ನಿಸುತ್ತದೆ. ಎಕರೆಗೆ ಬರುವ ಚೀಲ ಎಣಿಸಿ ನೋಡಿ. ಸುಗ್ಗಿ ಹೊತ್ತಿಗೆ ಖರೀದಿ ಕೇಂದ್ರ ತೆರೆದಿರುತ್ತದೆಯೋ ಇಲ್ಲವೋ, ಅದನ್ನೂ ನೋಡಿ. ಜೋಳ ಬೆಳೆದವನು ಕಣದಲ್ಲೇ ದಲ್ಲಾಳಿ ಹೇಳಿದ ದರಕ್ಕೆ ಕೊಡುತ್ತಾನೆ, ಯಾಕೆಂದರೆ ಅವನಿಗೂ ಕಂತು ಕಟ್ಟಬೇಕು. ರೈತ ಭತ್ತದ ಹಿಂದೆ ಹೋದದ್ದು ದುರಾಸೆಯಿಂದಲ್ಲ. ಬೆಲೆ ಅವನನ್ನು ಅತ್ತ ಅಟ್ಟಿತು.

ಆದರೂ ನಮ್ಮ ತಪ್ಪನ್ನು ನಾವು ನುಂಗಿಕೊಂಡರೆ ನಾಳೆ ಸರ್ಕಾರವನ್ನು ಕೇಳಲು ಮುಖ ಇರೋದಿಲ್ಲ. ಎಡದಂಡೆ ಕಾಲುವೆ 227 ಕಿಲೋಮೀಟರು ಉದ್ದ. ಮೇಲಿನವನು ರಾತ್ರಿ ತೂಬು ಎತ್ತಿ ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಮಾನ್ವಿ, ಸಿರವಾರ, ರಾಯಚೂರು ಕಡೆಯ ತುದಿಯ ರೈತನಿಗೆ ಪಹಣಿಯಲ್ಲಿ ನೀರಾವರಿ, ಹೊಲದಲ್ಲಿ ಧೂಳು. ಒಂದು ಎಕರೆ ಭತ್ತದ ನೀರಲ್ಲಿ ಎರಡು-ಮೂರು ಎಕರೆ ಜೋಳ ಬೆಳೆಯುತ್ತದೆ. ಮೇಲಿನವನ ಹೊಲ ನೀರು ಹೆಚ್ಚಾಗಿ ಕೆಟ್ಟಿತು, ಕೆಳಗಿನವನ ಹೊಲ ನೀರಿಲ್ಲದೆ ಕೆಟ್ಟಿತು. ಇಬ್ಬರೂ ರೈತರೇ, ಇಬ್ಬರೂ ಸಾಲಗಾರರೇ. ಇನ್ನೂ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ನೀರು ಬಸಿದು ಹೋಗುತ್ತಿದ್ದ ಹಳ್ಳಗಳನ್ನು ಒತ್ತಿ ಉತ್ತವರೂ ನಾವೇ. ಬಸಿಗಾಲುವೆ ತೋಡಿದರೆ ನೀರು ಎಲ್ಲಿಗೆ ಹೋಗಬೇಕು? ಪಕ್ಕದವನ ಹೊಲಕ್ಕೆ ತಾನೆ?

ಅದಕ್ಕೇ ಇದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಅಚ್ಚುಕಟ್ಟು ಪ್ರಾಧಿಕಾರ ಹೊಲಗಾಲುವೆಗೆ ಕೊಟ್ಟ ಗಮನವನ್ನು ಬಸಿಗಾಲುವೆಗೂ ಕೊಡಬೇಕಿತ್ತು. ನೆಲದೊಳಗೆ ತೂತಿನ ಪೈಪು ಹೂಳಿ ಉಪ್ಪುನೀರು ಬಸಿಯುವ ವಿಧಾನವನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಪ್ರಯೋಗ ಮಾಡಿ ತೋರಿಸಿದ್ದಾರೆ. ಅದರ ಖರ್ಚು ಸಣ್ಣ ಹಿಡುವಳಿದಾರನಿಗೆ ಎಟುಕುವಂಥದ್ದಲ್ಲ. ಈ ಖರ್ಚನ್ನು ಇನ್ನೊಂದು ಸಾಲ ಮಾಡಿ ರೈತನ ಹೆಸರಿಗೆ ಬರೆಯುವುದು ನ್ಯಾಯವಲ್ಲ.

ಇಲ್ಲಿ ನರಗುಂದ, ನವಲಗುಂದ ನೆನಪಾಗುತ್ತದೆ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಸರ್ಕಾರ ಅಭಿವೃದ್ಧಿ ಕರ ಹಾಕಿತ್ತು. ನೀರು ಕೊಟ್ಟು ನಿಮ್ಮ ಭೂಮಿಯ ಬೆಲೆ ಹೆಚ್ಚಿಸಿದ್ದೇವೆ, ಹಣ ಕಟ್ಟಿ ಅನ್ನೋದು ವಾದ. ಜುಲೈ 21ರಂದು ಗೋಲಿಬಾರಿನಲ್ಲಿ ರೈತರು ಸತ್ತರು. ಆ ವಾದವನ್ನೇ ಈಗ ತಿರುಗಿಸಿ ಕೇಳಬಹುದು. ಬೆಲೆ ಹೆಚ್ಚಿದರೆ ಸರ್ಕಾರಕ್ಕೆ ಪಾಲು ಬೇಕು ಅಂದಿರಿ. ನಿಮ್ಮ ಯೋಜನೆಯ ಅರೆಕೊರೆಯಿಂದ ಭೂಮಿ ಬೆಲೆ ಇಲ್ಲದ್ದಾದರೆ ಆ ನಷ್ಟದಲ್ಲಿ ಸರ್ಕಾರದ ಪಾಲೆಷ್ಟು?

ಇನ್ನು ನೀರು ಧಾರಾಳವಾಗಿ ಸಿಗುವ ಕಾಲವೂ ಅಲ್ಲ. 133 ಟಿಎಂಸಿ ಹಿಡಿಯಲೆಂದು ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ, 2016ರ ಅಳತೆಯಂತೆ 105 ಟಿಎಂಸಿ ಚಿಲ್ಲರೆಗೆ ಜಾಗ ಉಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಯಿತು. ಮರುವರ್ಷ ನೀರನ್ನು 80 ಟಿಎಂಸಿಗೆ ತಡೆದು, ಗೇಟುಗಳ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಅಂದರು. ರೈತ ಒಂದು ಬೆಳೆ ಕಳೆದುಕೊಂಡ. ಆದರೆ ಕಾಲುವೆ ಒಣಗಿದ ಕಾಲವೇ ಹಳ್ಳ ಬಿಡಿಸಲು, ಬಸಿಗಾಲುವೆ ತೋಡಲು ತಕ್ಕ ಕಾಲ.

ಊರಿನ ನೀರು ಬಳಕೆದಾರರ ಸಂಘ ಹೆಸರಿಗಷ್ಟೇ ಇದ್ದರೆ ಅದನ್ನು ಎಬ್ಬಿಸಿ. ಹೊಲದಲ್ಲಿ ಆರಡಿ ಗುಂಡಿ ತೆಗೆದು ಮರುದಿನ ಎಷ್ಟು ಅಡಿಗೆ ನೀರು ನಿಂತಿದೆ ಅಳೆದು ಬರೆದಿಡಿ. ಸರ್ವೆ ನಕ್ಷೆ ತರಿಸಿ ಹಳೇ ಹಳ್ಳ ಎಲ್ಲಿತ್ತು ಗುರುತಿಸಿ, ಒತ್ತಿದವರು ತಾವಾಗಿಯೇ ಬಿಡಲಿ. ಆ ಲೆಕ್ಕ ಹಿಡಿದು ತಹಶೀಲ್ದಾರರ ಮುಂದೆ, ಬ್ಯಾಂಕಿನ ಮುಂದೆ ನಿಲ್ಲೋಣ. ಸವಳು ಬಿದ್ದ ಎಕರೆಯ ಸಾಲಕ್ಕೆ ಬಡ್ಡಿ ನಿಲ್ಲಬೇಕು, ಬಸಿಗಾಲುವೆಯ ಖರ್ಚು ಸರ್ಕಾರದ್ದಾಗಬೇಕು, ಜೋಳ ಬೆಳೆದವನ ಕಣ ತುಂಬುವ ಮುಂಚೆ ಖರೀದಿ ಕೇಂದ್ರ ತೆರೆಯಬೇಕು.