ವ್ಯಾನ್ ಹತ್ತಿದ ಮಗು ಮಾತು ಕಲಿಯುವುದು ಯಾವಾಗ?

ಮೇ ತಿಂಗಳು ಬಂತೆಂದರೆ ನಮ್ಮ ಅಥಣಿ ತಾಲ್ಲೂಕಿನ ಊರೂರಿನ ಕ್ರಾಸ್‌ಗಳಲ್ಲಿ ಶಾಲೆಗಳ ಬ್ಯಾನರ್ ಏಳುತ್ತವೆ. ನುರಿತ ಶಿಕ್ಷಕರು, ಇಂಗ್ಲಿಷ್ ಮಾಧ್ಯಮ, ಸ್ಮಾರ್ಟ್ ಕ್ಲಾಸ್. ಇತ್ತೀಚೆಗೆ ಇವೆಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇನ್ನೆರಡು ಸಾಲು ಸೇರಿವೆ: ‘ಸಿಸಿಟಿವಿ ಕಣ್ಗಾವಲು’, ‘ಮನೆ ಬಾಗಿಲಿಗೆ ವ್ಯಾನ್’. ಶಾಲೆಗಳು ಈಗ ಪಾಠದ ಜೊತೆಗೆ ಧೈರ್ಯವನ್ನೂ ಮಾರುತ್ತಿವೆ. ಪಾಲಕರು ಕೊಳ್ಳುತ್ತಿದ್ದಾರೆ.

ಅವರ ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. 2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ನಡೆದ ದೌರ್ಜನ್ಯ ಹೊರಬಂದಾಗ ಪಾಲಕರು ಬೀದಿಗಿಳಿದಿದ್ದರು. ಕ್ಯಾಮೆರಾ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಎಂಬ ಮಾತು ನಮ್ಮ ಕಡೆಯ ಊರುಗಳಿಗೂ ಬಂದದ್ದು ಅದರ ನಂತರವೇ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಅದು ಹುಸಿ ಎಂದು ಗೊತ್ತಾಗುವಷ್ಟರಲ್ಲಿ ಸಾವಿರಾರು ತಾಯಂದಿರ ಜೀವ ಬಾಯಿಗೆ ಬಂದಿತ್ತು.

ನಮ್ಮ ಐಗಳಿಯ ಮನೆಯಲ್ಲೂ ಈ ವರ್ಷ ಅದೇ ಚರ್ಚೆ. ಅಣ್ಣನ ಮಗಳಿಗೆ ಆರು ತುಂಬಿದೆ, ಒಂದನೇ ತರಗತಿಗೆ ಹಚ್ಚಬೇಕು. ಸರ್ಕಾರಿ ಶಾಲೆ ಐದು ನಿಮಿಷದ ನಡಿಗೆ. ಇಂಗ್ಲಿಷ್ ಶಾಲೆಗಾದರೆ ಬೆಳಿಗ್ಗೆ ಎಂಟಕ್ಕೇ ವ್ಯಾನ್ ಹತ್ತಬೇಕು. ‘ಅಲ್ಲಿ ಗೇಟ್ ಐತಿ, ಕ್ಯಾಮೆರಾ ಐತಿ, ಚಿಂತಿಲ್ಲ’ ಎನ್ನುತ್ತಾನೆ ಅಣ್ಣ. ವೈನಿಗೆ ಎರಡು ಚಿಂತೆ. ದಾರಿಯಲ್ಲೋ ಶಾಲೆಯಲ್ಲೋ ಏನಾದರೂ ಆದರೆ ಎಂಬುದು ಒಂದು. ಇನ್ನೊಂದನ್ನು ಅವರು ಸಣ್ಣ ದನಿಯಲ್ಲಿ ಹೇಳಿದರು: ‘ಈಕಿ ಯಾರ ಕೂಡನೂ ಮಾತಾಡಂಗಿಲ್ಲ. ಅತ್ತರೂ ಯಾಕ ಅಂತ ಹೇಳಂಗಿಲ್ಲ.’ ಮನೆಯವರು ಮೊದಲನೆಯದನ್ನು ಒಂದು ತಾಸು ಚರ್ಚಿಸಿದರು. ಎರಡನೆಯದಕ್ಕೆ ‘ದೊಡ್ಡಾಕಿ ಆದಂಗ ಕಲೀತಾಳ ಬಿಡು’ ಎಂದು ಎದ್ದುಹೋದರು.

ನನಗೆ ಇವೆರಡೂ ಒಂದೇ ಚಿಂತೆ ಎನ್ನಿಸುತ್ತದೆ.

ನಮ್ಮ ಜಿಲ್ಲೆಯಲ್ಲೇ ನಡೆದದ್ದನ್ನು ನೋಡಿ. 2025ರ ಜುಲೈನಲ್ಲಿ ಸವದತ್ತಿ ತಾಲ್ಲೂಕಿನ ಹೂಲಿಕಟ್ಟಿ ಸರ್ಕಾರಿ ಶಾಲೆಯ ಕುಡಿಯುವ ನೀರಿನ ಟ್ಯಾಂಕಿಗೆ ಕೀಟನಾಶಕ ಬೆರೆಸಲಾಯಿತು. ಮಕ್ಕಳು ಅಸ್ವಸ್ಥರಾದರು, ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಮುಸ್ಲಿಂ ಸಮುದಾಯದ ಮುಖ್ಯ ಶಿಕ್ಷಕರನ್ನು ಅಲ್ಲಿಂದ ವರ್ಗ ಮಾಡಿಸಬೇಕೆಂದು ಮಾಡಿದ ಸಂಚು ಇದು ಎಂಬುದು ಪೊಲೀಸರ ಆರೋಪ, ಮೂವರ ಬಂಧನವಾಯಿತು. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿವರ. ತಿಂಡಿ ಮತ್ತು ದುಡ್ಡಿನ ಆಸೆ ತೋರಿಸಿ ಅದೇ ಶಾಲೆಯ ಹುಡುಗನೊಬ್ಬನ ಕೈಯಿಂದ ಆ ವಿಷವನ್ನು ಹಾಕಿಸಿದ್ದರು ಎಂದು ಪೊಲೀಸರು ಹೇಳಿದರು. ಆ ಮಗುವಿನದು ಏನೂ ತಪ್ಪಿಲ್ಲ, ತಪ್ಪೆಲ್ಲ ದೊಡ್ಡವರದು. ಆದರೆ ‘ಇದೇನು, ಯಾಕೆ ಹಾಕಬೇಕು’ ಎಂದು ದೊಡ್ಡವರನ್ನು ಕೇಳಬಹುದು ಎಂಬುದನ್ನು ನಾವು ಯಾವ ಮಗುವಿಗೆ ಕಲಿಸಿದ್ದೇವೆ? ನಮ್ಮ ಕಡೆ ಒಳ್ಳೆಯ ಮಗು ಎಂದರೆ ಹೇಳಿದ್ದನ್ನು ಕೇಳುವ ಮಗು. ಎದುರು ಮಾತಾಡಿದರೆ ‘ಬಾಯಿ ಜಾಸ್ತಿ’ ಎನ್ನುತ್ತೇವೆ, ಹುಡುಗಿಯಾದರಂತೂ ಕೇಳುವುದೇ ಬೇಡ.

ಕಾನೂನಿಗೂ ಇದೇ ಕಷ್ಟ. ಪೋಕ್ಸೊ ಕಾಯ್ದೆ 2012ರಿಂದ ಇದೆ. ಮಗುವಿಗೆ ದೌರ್ಜನ್ಯವಾಗಿದೆ ಎಂದು ಗೊತ್ತಿದ್ದೂ ದೂರು ಕೊಡದಿದ್ದರೆ ಅದೇ ಅಪರಾಧ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 1098 ಎಂಬ ಸಹಾಯವಾಣಿಯ ಸಂಖ್ಯೆ ಶಾಲೆಯ ಗೋಡೆಯ ಮೇಲೇ ಇರುತ್ತದೆ. ಇವೆಲ್ಲ ಕೆಲಸ ಶುರು ಮಾಡುವುದು ಬಹುತೇಕ ಮಗು ಯಾರಿಗಾದರೂ ಹೇಳಿದ ಮೇಲೆ. ಕ್ಯಾಮೆರಾ ಕಾರಿಡಾರಿನಲ್ಲಿ ಇರುತ್ತದೆ. ಹಿಂದಿನ ಬೆಂಚಿನವನು ದಿನಾ ಡಬ್ಬಿ ಕಿತ್ತುಕೊಳ್ಳುವುದು, ವ್ಯಾನಿನಲ್ಲಿ ಯಾರೋ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಅದಕ್ಕೆ ಕಾಣುವುದಿಲ್ಲ.

ಹಾಗೆಂದು ಎಲ್ಲ ಭಾರವನ್ನೂ ಮಕ್ಕಳ ಬಾಯಿಯ ಮೇಲೆ ಹೊರಿಸುವುದೂ ಅನ್ಯಾಯ. 2024ರ ಜನವರಿ ಕೊನೆಯಲ್ಲಿ ಜಮಖಂಡಿ ತಾಲ್ಲೂಕಿನ ಆಲಗೂರ ಬಳಿ ಶಾಲಾ ಬಸ್ಸಿಗೂ ಟ್ರ್ಯಾಕ್ಟರಿಗೂ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ಸತ್ತರು. ಶಾಲೆಯ ಗ್ಯಾದರಿಂಗ್ ಮುಗಿಸಿ ರಾತ್ರಿ ಊರಿಗೆ ಮರಳುತ್ತಿದ್ದ ಮಕ್ಕಳು. ಕಾರ್ಖಾನೆ ಶುರುವಾಯಿತೆಂದರೆ ನಮ್ಮ ರಸ್ತೆಗಳ ಪಾಡು ಎಲ್ಲರಿಗೂ ಗೊತ್ತು: ಎರಡೆರಡು ಟ್ರೇಲರ್, ಎರಡೂ ಬದಿಗೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ, ಮೇಲೆ ಕಿವಿ ಹರಿಯುವ ಹಾಡು. ಬಾಂಬಿನ ಇಮೇಲ್‌ಗೆ ಹೆದರುವ ನಾವು ಈ ರಸ್ತೆಯಲ್ಲಿ ಹದಿನೈದು ಮಕ್ಕಳನ್ನು ತುಂಬಿದ ವ್ಯಾನನ್ನು ಕೈಬೀಸಿ ಕಳಿಸುತ್ತೇವೆ. ಐದು ನಿಮಿಷ ನಡೆದು ಹೋಗುವ ಶಾಲೆ ಅಪಾಯದ್ದು ಎನ್ನುತ್ತೇವೆ. ಈ ಲೆಕ್ಕ ಎಂಜಿನಿಯರಿಂಗ್ ಓದುವ ನನಗಂತೂ ಬಿಡಿಸಲಾಗಿಲ್ಲ.

ಆ ಐದು ನಿಮಿಷದ ನಡಿಗೆಯಲ್ಲಿ ಮಗುವಿಗೆ ಸಿಗುವುದೇನು ಕಡಿಮೆಯೇ? ಓಣಿಯ ನಾಲ್ಕು ಗೆಳತಿಯರ ಜೊತೆ ಜಗಳ, ರಾಜಿ. ಕಿರಾಣಿ ಅಂಗಡಿಯ ಕಾಕಾನಿಂದ ಚಿಲ್ಲರೆ ಎಣಿಸಿ ತೆಗೆದುಕೊಳ್ಳುವುದು. ದಾರಿಯಲ್ಲಿ ನಾಯಿ ಬಂದರೆ ಯಾರ ಮನೆ ಹೊಕ್ಕಬೇಕೆಂಬ ಅಂದಾಜು. ನಾನು ಪಿಯುಸಿಗೆ ದಿನಾ ಅಥಣಿ ಬಸ್ ಹತ್ತಿದವಳು. ಕಂಡಕ್ಟರ್ ಜೊತೆ ವಾದ ಮಾಡಿ ಸ್ಟಾಪ್ ಕೊಡಿಸಿಕೊಂಡದ್ದು, ಮೈಗೆ ಮೈ ತಾಗಿಸಿದವನಿಗೆ ‘ಸರದು ನಿಲ್ಲರಿ’ ಎಂದು ಬಸ್ಸೆಲ್ಲ ಕೇಳುವಂತೆ ಹೇಳಿದ್ದು, ಅಳುತ್ತಿದ್ದ ಜೂನಿಯರ್‌ಗೆ ಸೀಟು ಬಿಟ್ಟದ್ದು, ಎಲ್ಲ ಅಲ್ಲೇ. ಇದಕ್ಕೆ ಯಾವ ಪುಸ್ತಕದಲ್ಲೂ ಪಾಠವಿರಲಿಲ್ಲ. ಬಾಗಿಲಿನಿಂದ ಬಾಗಿಲಿಗೆ ವ್ಯಾನು, ಇಳಿದ ಮೇಲೆ ಟ್ಯೂಷನ್, ಅದು ಮುಗಿದರೆ ಕೈಗೆ ಮೊಬೈಲು ಎಂದಾದರೆ ಮಗು ಇದನ್ನೆಲ್ಲ ಕಲಿಯುವುದು ಯಾವಾಗ?

ಇದರ ಫಲಿತಾಂಶವನ್ನು ನಮ್ಮ ಕ್ಯಾಂಪಸ್‌ಗಳಲ್ಲಿ ನೋಡಬಹುದು. ಗ್ರೂಪ್ ಡಿಸ್ಕಷನ್ ಎಂದರೆ ನಡುಗುವ ಗೆಳೆಯರು ಎಷ್ಟಿಲ್ಲ! ಸಿಜಿಪಿಎ ಒಂಬತ್ತು, ಕೋಡಿಂಗ್ ಸಲೀಸು. ಎಚ್‌ಆರ್ ಸುತ್ತಿನಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದರೆ ನೆಲ ನೋಡುತ್ತಾರೆ. ನಾವು ಅದನ್ನು ಇಂಗ್ಲಿಷಿನ ಸಮಸ್ಯೆ ಎಂದುಕೊಂಡು ಕೋರ್ಸಿಗೆ ದುಡ್ಡು ಸುರಿಯುತ್ತೇವೆ. ಅವರಲ್ಲಿ ಹಲವರಿಗೆ ಹಾಸ್ಟೆಲ್ ವಾರ್ಡನ್ ಹತ್ತಿರ ಕನ್ನಡದಲ್ಲೇ ‘ಊಟ ಸರಿಯಿಲ್ಲ’ ಎಂದು ಹೇಳಲೂ ಆಗುವುದಿಲ್ಲ. ರ‍್ಯಾಗಿಂಗ್ ಆದರೂ ಮನೆಗೆ ಹೇಳದವರಿದ್ದಾರೆ. ಆರನೇ ವಯಸ್ಸಿನಲ್ಲಿ ‘ಯಾಕ ಅತ್ತಿ’ ಎಂದು ಯಾರೂ ಕುಳಿತು ಕೇಳದಿದ್ದರೆ ಇಪ್ಪತ್ತರಲ್ಲಿ ಅವರು ಯಾರ ಹತ್ತಿರ ಹೇಳಿಯಾರು?

ಕರ್ನಾಟಕದಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಆಗಲೇ ಇದೆ. ಕುಂದಾಪುರ ಭಾಗದಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ನಡೆದಿದ್ದವು. 2006ರಲ್ಲಿ ಸರ್ಕಾರ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಬೇಕೆಂದು ಆದೇಶಿಸಿತು. ಮಕ್ಕಳೇ ಎದ್ದುನಿಂತು ಶೌಚಾಲಯಕ್ಕೆ ಬಾಗಿಲಿಲ್ಲ, ಬಸ್ ನಿಲ್ಲುವುದಿಲ್ಲ, ಶಾಲೆಯ ಮುಂದೆ ಸಾರಾಯಿ ಮಾರುತ್ತಾರೆ ಎಂದು ಅಧ್ಯಕ್ಷರಿಗೂ ಪಿಡಿಒಗೂ ಕೇಳುವ ಜಾಗ ಅದು. ಸುರಕ್ಷತೆಯೂ ಮಾತೂ ಒಟ್ಟಿಗೆ ಕಲಿಯುವ ಇಂಥ ತರಗತಿ ಯಾವ ದುಬಾರಿ ಶಾಲೆಯಲ್ಲೂ ಸಿಗದು. ಆದರೆ ನಾನು ನೋಡಿದ ಒಂದೆರಡು ಸಭೆಗಳಲ್ಲಿ ಶಿಕ್ಷಕರು ಬರೆದುಕೊಟ್ಟ ಭಾಷಣವನ್ನು ಇಬ್ಬರು ಜಾಣ ಮಕ್ಕಳು ಒಪ್ಪಿಸಿದರು, ಅತಿಥಿಗಳಿಗೆ ಶಾಲು ಹೊದಿಸಿದರು, ಫೋಟೊ ಆಯಿತು, ಬಿಸ್ಕತ್ತು ಹಂಚಿದರು.

ಈ ಸಭೆಗಳು ಸಾಮಾನ್ಯವಾಗಿ ನವೆಂಬರ್ ನಂತರ ನಡೆಯುತ್ತವೆ. ಸರಿಯಾಗಿ ಕಬ್ಬಿನ ಹಂಗಾಮಿನ ಹೊತ್ತಿಗೇ. ದೀಪಾವಳಿ ರಜೆ, ಸೆಮಿಸ್ಟರ್ ರಜೆ ಎಂದು ನಾವೂ ಆಗ ಊರಿಗೆ ಬಂದಿರುತ್ತೇವೆ. ಈ ಸಲ ಸಭೆಗೆ ಎರಡು ದಿನ ಮೊದಲು ಊರ ಶಾಲೆಗೆ ಹೋಗಿ, ಭಾಷಣ ಬರೆದುಕೊಡದೆ, ‘ನಿಮಗೆ ಎಲ್ಲಿ ಹೆದರಿಕೆ ಆಗುತ್ತದೆ’ ಎಂದಷ್ಟೇ ಮಕ್ಕಳನ್ನು ಕೇಳೋಣ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಬಗ್ಗೆ ಪಿಡಿಒ ಮುಂದೆ ನಿಂತು ಹೇಳಲು ಒಂದು ಮಗುವಾದರೂ ಎದ್ದೀತು. ನಮ್ಮ ವೈನಿಗೂ ಹೇಳಿದ್ದೇನೆ, ಮಗಳನ್ನು ಕರೆದುಕೊಂಡು ಬನ್ನಿ, ಮಾತಾಡದಿದ್ದರೂ ಪರವಾಗಿಲ್ಲ, ಮುಂದಿನ ಸಾಲಿನಲ್ಲಿ ಕೂರಲಿ ಎಂದು.