ನಲವತ್ತಮೂರು ಹಾಡು, ನಾಲ್ಕು ಸಾಲು ಆಜ್ಞೆ

ಮಕ್ಕಳೇ, ನಿಮ್ಮ ಮನೆಯ ಬೀರುವಿನಲ್ಲಿ ಹಳೆಯ ಸಿ.ಡಿ. ಏನಾದರೂ ಇದೆಯೇ? ಅಪ್ಪನೋ ಅಜ್ಜಿಯೋ ಇಪ್ಪತ್ತು ವರ್ಷದ ಹಿಂದೆ ಕನ್ನಡದಲ್ಲಿ ಟೈಪು ಮಾಡಿಟ್ಟದ್ದು ಅದರಲ್ಲಿದ್ದರೆ, ಇವತ್ತಿನ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಕನ್ನಡವೇ ಕಾಣದೆ ಹೋಗಬಹುದು. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೆರೆ ಚುಕ್ಕೆಗಳು, ನಡುನಡುವೆ ಬ್ರಿಟಿಷರ ಪೌಂಡಿನ ಗುರುತು ಬರುತ್ತವೆ. ಕಡತ ಕೆಟ್ಟುಹೋಗಿದೆ ಎಂದು ಅಳಿಸಿಬಿಟ್ಟವರನ್ನು ನಾನು ನೋಡಿದ್ದೇನೆ. ದಯವಿಟ್ಟು ಅಳಿಸಬೇಡಿ. ಅದು ಕೆಟ್ಟಿಲ್ಲ.

ಎಚ್.ಡಿ. ಕೋಟೆ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಹುಣಸೂರಿನ ನಮ್ಮ ಮನೆಗೆ ಅಂಥದೇ ಒಂದು ಸಿ.ಡಿ. ತಂದರು. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದು ನೀರು ನಿಂತಾಗ ಮುಳುಗಿದ ಹಳ್ಳಿಗಳಲ್ಲಿ ಅವರ ತವರೂರೂ ಒಂದು. ಆ ಊರು ಬಿಟ್ಟು ಬಂದ ಹೆಂಗಸರು ನಾಟಿ ಹಾಕುವಾಗ, ರಾಗಿ ಬೀಸುವಾಗ, ಹಸೆಯ ಮುಂದೆ ಕೂತಾಗ ಹೇಳುತ್ತಿದ್ದ ಪದಗಳನ್ನು ಇವರು ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದರು. ಆಮೇಲೆ ರಾತ್ರಿ ಹೊತ್ತು ಕೂತು ‘ನುಡಿ’ಯಲ್ಲಿ ಟೈಪು ಮಾಡಿದ್ದರು. ನಲವತ್ತಮೂರು ಹಾಡು, ನಲವತ್ತಮೂರು ಕಡತ. ಕ್ಯಾಸೆಟ್ಟುಗಳಿಗೆ ಬೂಸಲು ಹಿಡಿದು ಯಾವತ್ತೋ ಹೋದವು. ಹಾಡಿದ ಒಂಬತ್ತು ಮಂದಿಯಲ್ಲಿ ಉಳಿದಿರುವವರು ಒಬ್ಬರೇ, ಅವರಿಗೂ ಎಂಬತ್ತು ದಾಟಿದೆ. ನೀರಿನಡಿ ಹೋದ ಹೊಲಗಳ ಹೆಸರು, ಕೆರೆ ಏರಿಯ ಮೇಲಿದ್ದ ಮರದ ಹೆಸರು ಈ ಪದಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿಲ್ಲ. ಆ ಅಜ್ಜಿ ಇರುವಾಗಲೇ ಇದನ್ನು ಪುಸ್ತಕ ಮಾಡಿ, ಚದುರಿಹೋದ ನಲವತ್ತು ಮನೆಗಳಿಗೆ ಕೊಡಬೇಕೆಂದು ಟೀಚರ ಆಸೆ.

ಡಿ.ಟಿ.ಪಿ. ಅಂಗಡಿಯಲ್ಲಿ ಎಲ್ಲವನ್ನೂ ಮತ್ತೆ ಟೈಪು ಮಾಡಬೇಕು ಅಂದರಂತೆ. ಖರ್ಚಿನ ಮಾತು ಹಾಗಿರಲಿ, ನನಗೆ ಬೇರೆಯದೇ ಭಯ. ಟೀಚರು ಆ ಹೆಂಗಸರು ಆಡಿದ ಹಾಗೇ ಬರೆದಿದ್ದಾರೆ: ‘ಹೂವು’ ಅಲ್ಲ, ‘ಊವ’; ‘ಹೋಗುತ್ತೇನೆ’ ಅಲ್ಲ, ‘ಓಯ್ತೀನಿ’. ಓದಿದ ಕೈ ಯಾವುದೇ ಆಗಲಿ, ಟೈಪು ಮಾಡುತ್ತಾ ಮಾಡುತ್ತಾ ಅದನ್ನು ತಿದ್ದಿಬಿಡುತ್ತದೆ. ಯಂತ್ರಕ್ಕೆ ಅಂಥ ಪಾಂಡಿತ್ಯವಿಲ್ಲ. ಇದ್ದದ್ದನ್ನು ಇದ್ದಂತೆ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗಾಯಿಸುತ್ತದೆ, ಅಷ್ಟೆ.

ಈಗ ಆ ಪೌಂಡಿನ ಗುಟ್ಟು. ಆಗಿನ ಫಾಂಟುಗಳಿಗೆ ಇದ್ದದ್ದು ಒಟ್ಟು 256 ಮನೆ, ಅದರಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಆಗಲೇ ವಾಸವಾಗಿದ್ದವು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂತು. ಈ ತಂತ್ರಾಂಶಗಳು ಆ ಮನೆಗಳ ಬಾಗಿಲಿಗೆ ಕನ್ನಡದ ಚಿತ್ರ ಅಂಟಿಸಿದವು. ನುಡಿಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಒಳಗೆ ಕೂರುವುದು ಏಳು ಗುರುತು: ದೊಡ್ಡ ‘ಪಿ’, ತಲೆಯ ಮೇಲೆ ಗೆರೆ ಇರುವ ‘ಎ’, ಪೌಂಡು, ಮತ್ತೆ ಅದೇ ‘ಎ’, ಜರ್ಮನರ ಒಂದು ಅಕ್ಷರ, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಂದು ‘ಎ’. ಆ ಗೆರೆಯ ‘ಎ’ ನಮ್ಮ ತಲೆಕಟ್ಟು, ಪೌಂಡು ನಮ್ಮ ‘ನ’. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು. ಯೂನಿಕೋಡ್‌ನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆಂದು 128 ಸ್ವಂತ ಮನೆಗಳನ್ನು ಕೊಟ್ಟಿದ್ದಾರೆ. ಅಲ್ಲಿ ‘ಕನ್ನಡ’ಕ್ಕೆ ಐದೇ ಗುರುತು.

ಹಾಗಾದರೆ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ಸಾಕಲ್ಲವೇ ಎಂದು ನನ್ನ ಮೊಮ್ಮಗಳು ಕೇಳಿದಳು. ಸಾಲದು. ‘ಸೂರ್ಯ’ ಬರೆಯುವಾಗ ನಾವು ‘ಯ’ ಬರೆದ ಮೇಲೆ ಅರ್ಕಾವತ್ತು ಹಾಕುತ್ತೇವೆ, ಆದರೆ ಉಚ್ಚರಿಸುವಾಗ ‘ರ್’ ಮೊದಲು ಬರುತ್ತದೆ. ನುಡಿಯ ಹಳೆಯ ಕಡತ ಕೈಬರಹದ ಕ್ರಮದಲ್ಲಿರುತ್ತದೆ, ಯೂನಿಕೋಡ್ ಬಾಯಿಯ ಕ್ರಮದಲ್ಲಿರುತ್ತದೆ. ಅರ್ಕಾವತ್ತು ಕಂಡಲ್ಲೆಲ್ಲ ಯಂತ್ರ ಅದನ್ನು ಹಿಂದಕ್ಕೆ ಎತ್ತಿ ಕೂರಿಸಬೇಕು. ಈ ಕೆಲಸಕ್ಕೆಂದೇ ಅರವಿಂದ ವಿ.ಕೆ. ಅವರು ಪೈಥಾನ್ ಭಾಷೆಯಲ್ಲಿ ಒಂದು ಪುಟ್ಟ ಪರಿವರ್ತಕ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ.

ಅದನ್ನು ಓಡಿಸುವುದು ಟರ್ಮಿನಲ್ ಎಂಬ ಕರಿಯ ಪರದೆಯಲ್ಲಿ. ಮೌಸ್ ಇಲ್ಲ, ಚಿತ್ರವಿಲ್ಲ. ಒಂದು ಸಾಲು ಟೈಪು ಮಾಡಿ ಎಂಟರ್ ಒತ್ತುವುದು. ಇಂದಿನವರು ಇದನ್ನು ಕಂಡರೆ ಹೆದರುತ್ತಾರೆ. ನಾನು ಬಿ.ಕಾಂ. ಓದಿದವನು, ಕಂಪ್ಯೂಟರ್ ಶಾಸ್ತ್ರ ನನಗೆ ಯಾರೂ ಕಲಿಸಿಲ್ಲ. ಆದರೆ ನಮ್ಮ ಶಾಖೆಗೆ ಮೊದಲು ಬಂದ ಲೆಡ್ಜರ್ ಯಂತ್ರದ ಪರದೆಯೂ ಹೀಗೇ ಇತ್ತು, ಹಾಗಾಗಿ ನನಗೆ ಇದು ಹಳೆಯ ಸಹೋದ್ಯೋಗಿ ಸಿಕ್ಕ ಹಾಗೆ. ಆಜ್ಞೆಯ ಸಾಲು ವೋಚರಿನಂತೆ: ಯಾವ ಕೆಲಸ, ಯಾವುದರಿಂದ, ಯಾವುದಕ್ಕೆ. ಒಂದು ಕಾಲಂ ಖಾಲಿ ಬಿಟ್ಟರೆ ಯಂತ್ರ ವೋಚರು ವಾಪಸು ಎಸೆಯುತ್ತದೆ, ಮುಖ ನೋಡುವುದಿಲ್ಲ.

ಮೊದಲ ಸಾಲಿಗೆ ನುಡಿಯ ಕಡತಗಳೆಲ್ಲ ಸಾದಾ ಪಠ್ಯವಾಗಿ, ಅಲ್ಲಿಂದ ಯೂನಿಕೋಡ್ ಆದವು. ಪರದೆಯ ಮೇಲೆ ಕನ್ನಡ ಕಂಡಾಗ ಟೀಚರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದೇ ತಕರಾರು. ಕೆಲವು ಹಾಡುಗಳ ಕೆಳಗೆ ಕ್ಯಾಸೆಟ್ಟಿನ ಗುರುತಿಗೆಂದು ‘ಸೈಡ್ ಎ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಸಾದಾ ಪಠ್ಯದಲ್ಲಿ ಯಾವುದು ನಿಜವಾದ ಇಂಗ್ಲಿಷ್ ಎಂದು ಯಂತ್ರಕ್ಕೆ ತಿಳಿಯದು. ನುಡಿಯಲ್ಲಿ ದೊಡ್ಡ ‘ಎ’ ಎಂದರೆ ಸೊನ್ನೆ, ಅನುಸ್ವಾರ. ಹಾಗಾಗಿ ಅವೆಲ್ಲ ಸೊನ್ನೆಯಲ್ಲಿ ಮುಗಿಯುವ ವಿಚಿತ್ರ ಪದಗಳಾಗಿದ್ದವು. ಮೊಮ್ಮಗಳು ಅವನ್ನು ಹುಡುಕಿ ಹುಡುಕಿ ತೆಗೆದಳು.

ಎರಡನೆಯ ಸಾಲು ಪ್ಯಾನ್‌ಡಾಕ್‌ನದು. ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಹೇಳಿಕೊಡುವ ಜಾನ್ ಮ್ಯಾಕ್‌ಫರ್ಲೇನ್ ಇದನ್ನು 2006ರಲ್ಲಿ ಹೊರತಂದರು. (ತತ್ತ್ವಶಾಸ್ತ್ರದವರು ಇಷ್ಟು ಉಪಯೋಗಕ್ಕೆ ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ.) ನಲವತ್ತಮೂರನ್ನೂ ಕ್ರಮವಾಗಿ ಜೋಡಿಸಿ, ನಾವು ಕೊಟ್ಟ ಮಾದರಿ ಕಡತದಲ್ಲಿರುವ ಅಕ್ಷರದ ಅಳತೆ, ಅಂಚು ಎಲ್ಲವನ್ನೂ ಅದು ತೊಡಿಸುತ್ತದೆ. ಹಾಡಿನ ಸಾಲು ಸಾಲಾಗಿಯೇ ಉಳಿಯಬೇಕು ಎಂದು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಗದ್ಯದಂತೆ ಒತ್ತಿ ಸೇರಿಸಿಬಿಡುತ್ತದೆ. ಟೀಚರು ಮೊದಲು 12 ಪಾಯಿಂಟ್ ಅಕ್ಷರ ಸಾಕೆಂದರು. ಆಮೇಲೆ ಓದುವವರಲ್ಲಿ ವಯಸ್ಸಾದವರೇ ಹೆಚ್ಚೆಂದು 16 ಕೇಳಿದರು. ಮಾದರಿಯಲ್ಲಿ ಒಂದು ಅಂಕೆ ಬದಲಾಯಿಸಿ ಅದೇ ಸಾಲನ್ನು ಮತ್ತೆ ಓಡಿಸಿದೆ. ನಲವತ್ತಮೂರು ಸಲ ತೆರೆದು ಮುಚ್ಚುವ ಕೆಲಸ ತಪ್ಪಿತು.

ಮೂರನೆಯದು ಲಿಬ್ರೆ ಆಫೀಸಿನದು, ಮುದ್ರಣಕ್ಕೆ ಬೇಕಾದ ಪಿಡಿಎಫ್ ಮಾಡಲು. ಅದರಲ್ಲಿ ‘ಹೆಡ್‌ಲೆಸ್’ ಎಂಬ ಪದ ಬರುತ್ತದೆ. ‘ತಾತ, ರುಂಡ ಇಲ್ಲದ್ದಾ?’ ಎಂದು ಮೊಮ್ಮಗಳು ನಕ್ಕಳು. ಕಿಟಕಿ ತೆರೆಯದೆ ಒಳಗೊಳಗೇ ಕೆಲಸ ಮುಗಿಸು ಎಂದು ಅರ್ಥ.

ನಾಲ್ಕನೆಯದು ನನಗೆ ಅತಿ ಇಷ್ಟ, ಏಕೆಂದರೆ ಇದರಲ್ಲಿ ಟ್ಯಾಲಿ ಇದೆ. ಎ4 ಹಾಳೆಯನ್ನು ನಡುವೆ ಮಡಿಸಿದರೆ ನಾಲ್ಕು ಪುಟ. ಹಾಗಾಗಿ ಪುಸ್ತಕದ ಪುಟ ನಾಲ್ಕರ ಮಗ್ಗಿಯಲ್ಲಿರಬೇಕು. ನಮ್ಮದು 61 ಆಯಿತು, ಅಂದರೆ 64ಕ್ಕೆ ಏರಿಸಬೇಕು, ಹಾಳೆ 16. ಮೊದಲ ಹಾಳೆಯ ಮೇಲೆ 64 ಮತ್ತು 1, ಅದರ ಬೆನ್ನಿಗೆ 2 ಮತ್ತು 63. ನಟ್ಟನಡುವಿನ ಹಾಳೆಯಲ್ಲಿ 32 ಮತ್ತು 33. ಯಾವ ಮಗ್ಗುಲು ಕೂಡಿದರೂ 65 ಬರಬೇಕು. ಈ ಜೋಡಣೆಯನ್ನು ಪಿಡಿಎಫ್‌ಬುಕ್ ಎಂಬ ಆಜ್ಞೆ ಮಾಡಿಕೊಡುತ್ತದೆ, ಆದರೂ ಮುದ್ರಿಸುವ ಮುಂಚೆ ಎಲ್ಲ ಮಗ್ಗುಲನ್ನೂ ಕೂಡಿ ನೋಡಿದೆ. ಹಳೆಯ ಅಭ್ಯಾಸ. ನೀವೂ ಮಾಡಿ: ಎರಡು ಹಾಳೆ ಒಂದರೊಳಗೊಂದು ಮಡಿಸಿ, 1ರಿಂದ 8ರವರೆಗೆ ಪುಟದ ಅಂಕೆ ಬರೆದು, ಬಿಡಿಸಿ ಕೂಡಿ. ಎಲ್ಲ ಕಡೆ 9 ಬಂದೀತು.

ಉಳಿದ ಮೂರು ಪುಟಗಳಲ್ಲಿ ಒಂದಕ್ಕೆ ಹಾಡಿದ ಒಂಬತ್ತು ಜನರ ಹೆಸರು ಹಾಕಿದೆವು. ನಲವತ್ತು ಪ್ರತಿಗೆ 640 ಹಾಳೆ, ಅಂದರೆ ಒಂದು ರೀಮು ಮತ್ತು 140. ಎರಡು ಬದಿ ಮುದ್ರಿಸುವಾಗ ಗಿಡ್ಡ ಅಂಚಿನ ಕಡೆ ಮಗುಚುವಂತೆ ಅಂಗಡಿಯವರಿಗೆ ಹೇಳಬೇಕು, ಇಲ್ಲದಿದ್ದರೆ ಬೆನ್ನಿನ ಪುಟ ತಲೆಕೆಳಗಾಗುತ್ತದೆ. ಮೊದಲು ಒಂದೇ ಪ್ರತಿ ತೆಗೆಸಿ, ಅಜ್ಜಿಗೆ ಓದಿ ತೋರಿಸಲು ಟೀಚರ ಕೈಲಿ ಕಳಿಸಿದೆವು.

ಅಜ್ಜಿಗೆ ಓದು ಬಾರದು. ಅವರ ಮೊಮ್ಮಗಳು ಒಂದೊಂದೇ ಪದ ಓದುತ್ತಾ ಹೋದಳಂತೆ. ಇಪ್ಪತ್ತೇಳನೆಯದಕ್ಕೆ ಬಂದಾಗ ಅಜ್ಜಿ ಕೈ ಎತ್ತಿದರು: ‘ಅಂಗಲ್ಲ ಕಣವ್ವ, ನಾವ್ ಅಂಗ್ ಏಳ್ತಿರ್ಲಿಲ್ಲ.’ ಟೀಚರು ಕ್ಯಾಸೆಟ್ಟಿನಿಂದ ಕೇಳಿ ಬರೆದ ಹೊಲದ ಹೆಸರು ಬೇರೆಯಂತೆ. ಸರಿಯಾದದ್ದನ್ನು ಅಜ್ಜಿಯೇ ಹೇಳಿ, ಮೂರು ಸಲ ಹಾಡಿಯೂ ತೋರಿಸಿದರಂತೆ. ಫೋನು ಬಂತು. ಇಪ್ಪತ್ತೇಳನೆಯ ಕಡತ ತೆರೆದು ಒಂದು ಪದ ತಿದ್ದಿ, ಆಜ್ಞೆಗಳನ್ನು ಮತ್ತೆ ಓಡಿಸಿ, ಮಗ್ಗುಲುಗಳನ್ನು ಮತ್ತೊಮ್ಮೆ ಕೂಡಿ ನೋಡಿ, ಸಂಜೆ ಅಂಗಡಿ ಮುಚ್ಚುವ ಮೊದಲು ಪೆನ್‌ಡ್ರೈವ್ ಕೊಟ್ಟು ಬಂದೆ.